ಸಮರೂಪದ ಲೋಕದಲ್ಲಿ ದೇಶಾಟನೆ

1951ರ ಬೇಸಗೆಯಲ್ಲಿ, ಅಮೆರಿಕದ ಮೆಂಫಿಸ್ ನಗರದಲ್ಲಿ ಮನೆಗಳನ್ನು ಕಟ್ಟಿಸಿ ಮಾರುವ ಉದ್ಯಮವನ್ನು ನಡೆಸುತ್ತಿದ್ದ ಕೆಮನ್ಸ್ ವಿಲ್ಸನ್ ಎಂಬವರು, ಹೆಂಡತಿಯನ್ನೂ ಐವರು ಮಕ್ಕಳನ್ನೂ ಕಾರಿನಲ್ಲಿ ಕೂರಿಸಿಕೊಂಡು ರಾಜಧಾನಿಯಾದ ವಾಷಿಂಗ್ಟನ್ನನ್ನು ನೋಡಲು ಹೊರಟರು. ದಾರಿಯಲ್ಲಿ ಅವರು ತಂಗಿದ ವಸತಿಗೃಹಗಳಲ್ಲಿ ಒಂದು ಇದ್ದಂತೆ ಇನ್ನೊಂದು ಇರಲಿಲ್ಲ. ಕೋಣೆಗಳು ಇಕ್ಕಟ್ಟು, ಸೌಕರ್ಯಗಳು ಅನಿಶ್ಚಿತ, ಮಕ್ಕಳು ತಂದೆತಾಯಿಗಳ ಕೋಣೆಯಲ್ಲಿಯೇ ಮಲಗಿದರೂ ತಲೆಗಿಷ್ಟೆಂದು ಪ್ರತ್ಯೇಕ ಬಾಡಿಗೆ. ಇದರಿಂದ ರೋಸಿಹೋದ ವಿಲ್ಸನ್ ಊರಿಗೆ ಮರಳಿದವರೇ, ದಾರಿಗನಿಗೆ ಏನೇನು ಅವಶ್ಯವೆಂಬುದನ್ನು ಲೆಕ್ಕ ಹಾಕಿ, ಮರುವರ್ಷವೇ ಮೆಂಫಿಸ್ಸಿನ ಹೆದ್ದಾರಿಯ ಬದಿಯಲ್ಲಿ ಮೊದಲನೆಯ ‘ಹಾಲಿಡೇ ಇನ್’ ವಸತಿಗೃಹವನ್ನು ತೆರೆದರು. ಅಲ್ಲಿ ಮಕ್ಕಳಿಗೆ ಬಾಡಿಗೆಯಿರಲಿಲ್ಲ. ಕೋಣೆಕೋಣೆಯಲ್ಲಿಯೂ ಟೆಲಿಫೋನು ಇತ್ತು. ಮೈಕೈ ತಣಿಸಿಕೊಳ್ಳಲು ಈಜುಕೊಳವಿತ್ತು. ಅದಕ್ಕಿಂತಲೂ ಮುಖ್ಯವಾದ ಸಂಗತಿಯೆಂದರೆ, ಆ ಹೆಸರಿನ ಎರಡನೆಯ, ಹತ್ತನೆಯ, ನೂರನೆಯ ವಸತಿಗೃಹದಲ್ಲಿಯೂ ಇವೆಲ್ಲವೂ ಹಾಗೆಯೇ ಇರುವುವೆಂಬ ಭರವಸೆ. ಎರಡು ದಶಕಗಳು ಕಳೆಯುವ ಹೊತ್ತಿಗೆ ಆ ಸಂಸ್ಥೆಯ ಜಾಹೀರಾತು, ನಮ್ಮಲ್ಲಿ ನಿಮಗೆ ಯಾವ ಅಚ್ಚರಿಯೂ ಕಾದಿರುವುದಿಲ್ಲ ಎಂಬುದನ್ನೇ ತನ್ನ ಪರಮ ಗುಣವೆಂದು ಸಾರತೊಡಗಿತು.

ವಿಲ್ಸನ್ನರ ದೂರು ನ್ಯಾಯವಾದದ್ದು. ಹಗಲೆಲ್ಲ ಪಯಣಿಸಿ ಬಳಲಿದ ಮಕ್ಕಳಿಗೆ ಶುಚಿಯಾದ ಹಾಸಿಗೆಯನ್ನು ಬಯಸುವ ತಂದೆಯನ್ನು ಯಾರೂ ದೂಷಿಸಲಾರರು. ಆದರೆ ಆ ದೂರಿಗೆ ದೊರೆತ ಪರಿಹಾರವು ಒಂದು ಕುಟುಂಬದ, ಒಂದು ರಾಷ್ಟ್ರದ ಎಲ್ಲೆಯನ್ನು ದಾಟಿ ಲೋಕವ್ಯಾಪಿಯಾದಾಗ ದೇಶಾಟನೆಯೆಂಬ ಅನುಭವದ ಸ್ವರೂಪವೇ ಮಾರ್ಪಟ್ಟಿತು. 1955ರಲ್ಲಿ ರೇ ಕ್ರಾಕ್ ಇಲಿನಾಯ್ ಪ್ರಾಂತದ ಡೆಸ್ ಪ್ಲೇನ್ಸ್ ಎಂಬಲ್ಲಿ ಮೆಕ್‌ಡೊನಾಲ್ಡ್ಸ್ ಉಪಾಹಾರಗೃಹವನ್ನು ತೆರೆದು, ರೊಟ್ಟಿಯ ಅಳತೆಯಿಂದ ಮೊದಲ್ಗೊಂಡು ಎಣ್ಣೆಯ ಕಾವಿನವರೆಗೆ ಎಲ್ಲವನ್ನೂ ಕೈಪಿಡಿಯಲ್ಲಿ ಬರೆದಿಟ್ಟ ನಿಯಮಕ್ಕೆ ಒಳಪಡಿಸಿದರು. ಮರುವರ್ಷ ಅಮೆರಿಕದಲ್ಲಿ ಅಂತಾರಾಜ್ಯ ಹೆದ್ದಾರಿಗಳ ಕಾಯಿದೆಯಾಯಿತು; ಅದೇ ವರ್ಷ ಮ್ಯಾಲ್ಕಂ ಮೆಕ್‌ಲೀನರ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಕಂಟೇನರುಗಳನ್ನು ಹೊತ್ತು ನೆವಾರ್ಕಿನಿಂದ ಹ್ಯೂಸ್ಟನ್ನಿಗೆ ಹೋಯಿತು. ಸರಕನ್ನು ಸಾಗಿಸುವ ವೆಚ್ಚ ಇಳಿದು, ಒಂದೇ ಕಾರ್ಖಾನೆಯ ಪಾದರಕ್ಷೆ ಹತ್ತು ದೇಶಗಳ ಅಂಗಡಿಗಳಲ್ಲಿ ಏಕಕಾಲಕ್ಕೆ ಕಾಣಿಸುವಂತಾಯಿತು. ಐರ್ಲೆಂಡಿನ ಶಾನನ್ ವಿಮಾನನಿಲ್ದಾಣದಲ್ಲಿ 1947ರಲ್ಲಿ ಆರಂಭವಾಗಿದ್ದ ಸುಂಕರಹಿತ ಮಳಿಗೆಯಾದರೋ, ಇಂದು ಜಗತ್ತಿನ ಸಕಲ ದೊಡ್ಡ ನಿಲ್ದಾಣಗಳಲ್ಲಿ ಅದೇ ಸುಗಂಧದ್ರವ್ಯಗಳನ್ನೂ ಅದೇ ಚಾಕೊಲೇಟುಗಳನ್ನೂ ಜೋಡಿಸಿಟ್ಟುಕೊಂಡು ಪ್ರಯಾಣಿಕನ ದಾರಿಯಲ್ಲಿಯೇ ನಿಂತಿದೆ. ಫ್ರೆಂಚ್ ಮಾನವಶಾಸ್ತ್ರಜ್ಞ ಮಾರ್ಕ್ ಒಜೆ ಅವರು 1992ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇಂತಹ ನಿಲ್ದಾಣ, ಹೆದ್ದಾರಿ, ಸರಣಿ ಹೋಟೆಲುಗಳನ್ನು, ಚರಿತ್ರೆಯೂ ಇಲ್ಲದೆ ನೆರೆಹೊರೆಯ ಸಂಬಂಧವೂ ಇಲ್ಲದೆ ಇರುವ, ‘ಸ್ಥಳವಲ್ಲದ ಸ್ಥಳ’ಗಳೆಂದು ವಿವೇಚಿಸಿದರು.

ಈ ಸಮರೂಪತೆಯಿಂದ ಪ್ರವಾಸಿಯು ಕಳೆದುಕೊಂಡದ್ದೇನು? ನೋಟದ ವೈವಿಧ್ಯವೆಂದು ಸಾಮಾನ್ಯವಾಗಿ ಹೇಳುವುದುಂಟು. ಅದು ನಿಜವೇ ಆದರೂ ಪೂರ್ಣಸತ್ಯವಲ್ಲ. ಏಕೆಂದರೆ ಗೋಪುರಗಳೂ ಪರ್ವತಗಳೂ ಇದ್ದಲ್ಲಿಯೇ ಇವೆ. ನನಗೆ ತೋರುವಂತೆ, ನಷ್ಟವಾದದ್ದು ಪ್ರವಾಸಿಯ ಪರಾಧೀನತೆ. ಪರಸ್ಥಳಕ್ಕೆ ಬಂದವನಿಗೆ ಅನ್ನ ಎಲ್ಲಿ ದೊರಕೀತು, ಈ ದಾರಿ ಯಾವ ಊರಿಗೆ ಹೋದೀತು, ತಟ್ಟೆಯಲ್ಲಿ ಬಡಿಸಿದ ಈ ಪದಾರ್ಥವನ್ನು ಯಾವುದರೊಡನೆ ಕಲಸಿ ಉಣ್ಣಬೇಕು ಎಂಬ ಯಾವುದೊಂದೂ ತಿಳಿಯದೆ ಇದ್ದಾಗ, ಅವನು ಅಪರಿಚಿತನೊಬ್ಬನ ಮುಖವನ್ನು ನೋಡಿ ಕೇಳಲೇಬೇಕಾಗುತ್ತಿತ್ತು; ಕೇಳಿದಾಗ ಆ ಅಪರಿಚಿತನು ತನ್ನ ಕೆಲಸವನ್ನು ಬಿಟ್ಟು ನಾಲ್ಕು ಹೆಜ್ಜೆ ಜೊತೆಗೆ ಬಂದು ದಾರಿ ತೋರಿಸುತ್ತಿದ್ದನು, ಅಥವಾ ರೇಗಿಕೊಳ್ಳುತ್ತಿದ್ದನು, ಅಥವಾ ಮನೆಯೊಳಗೆ ಕರೆದು ನೀರು ಕೊಡುತ್ತಿದ್ದನು; ಹೇಗಾದರೂ ಆ ಊರು ತನ್ನ ಸ್ವಭಾವವನ್ನು ಆ ಒಂದು ಗಳಿಗೆಯಲ್ಲಿ ಪ್ರಕಟಿಸಿಬಿಡುತ್ತಿತ್ತು. ಈಗ ಕೇಳುವ ಅವಶ್ಯಕತೆಯೇ ಉಳಿದಿಲ್ಲ. ದಾರಿಯನ್ನು ಮೊಬೈಲು ಫೋನು ತೋರಿಸುತ್ತದೆ, ಊಟದ ಪಟ್ಟಿಯಲ್ಲಿ ಚಿತ್ರವಿದೆ, ಹಣವನ್ನು ಎಣಿಸಿಕೊಡಬೇಕಾಗಿಲ್ಲ, ಕೋಣೆಯಲ್ಲಿ ದೀಪದ ಗುಂಡಿ ಕಳೆದ ಊರಿನಲ್ಲಿದ್ದ ಜಾಗದಲ್ಲಿಯೇ ಇದೆ. ಊರಿನೊಂದಿಗೆ ಒಂದು ಮಾತನ್ನೂ ಆಡದೆ ಊರನ್ನು ನೋಡಿಕೊಂಡು ಬರುವುದು ಸಾಧ್ಯವಾಗಿದೆ. ಸಾಧ್ಯವಾದದ್ದು ಕ್ರಮೇಣ ಸಹಜವೂ ಆಗುತ್ತಿದೆ.

ಹೀಗೆ ಬರೆಯುವಾಗ ಒಂದು ಎಚ್ಚರ ಅಗತ್ಯ. ಅಪರಿಚಿತರನ್ನು ನಂಬಿ ನಡೆಯುವ ಸೌಭಾಗ್ಯ ಎಲ್ಲರಿಗೂ ಒದಗಿದುದಲ್ಲ. ವಿಲ್ಸನ್ನರು ಪಯಣಿಸಿದ ಅದೇ ಅಮೆರಿಕದಲ್ಲಿ, ನ್ಯೂಯಾರ್ಕಿನ ಹಾರ್ಲೆಮಿನಲ್ಲಿದ್ದ ಅಂಚೆಯ ನೌಕರ ವಿಕ್ಟರ್ ಹ್ಯೂಗೋ ಗ್ರೀನ್ ಎಂಬವರು, ಕರಿಯ ಜನಾಂಗದ ಪ್ರಯಾಣಿಕರನ್ನು ಅವಮಾನಿಸದೆ ಒಳಗೆ ಬಿಟ್ಟುಕೊಳ್ಳುವ ಹೋಟೆಲುಗಳು, ಭೋಜನಗೃಹಗಳು, ಪೆಟ್ರೋಲು ಬಂಕುಗಳು ಯಾವುವೆಂಬುದನ್ನು ಪಟ್ಟಿಮಾಡಿ 1936ರಿಂದ ವರ್ಷವರ್ಷವೂ ಕೈಪುಸ್ತಕವೊಂದನ್ನು ಪ್ರಕಟಿಸಬೇಕಾಯಿತು. 1964ರ ನಾಗರಿಕ ಹಕ್ಕುಗಳ ಕಾಯಿದೆ ಬರುವವರೆಗೂ ಆ ಪುಸ್ತಕವು ಸಾವಿರಾರು ಕುಟುಂಬಗಳ ಪ್ರಾಣರಕ್ಷಕವಾಗಿತ್ತು. ನಮ್ಮ ನಾಡಿನಲ್ಲಿ ಜಾತಿಯನ್ನು ಕೇಳಿ ಪಂಕ್ತಿಯಲ್ಲಿ ಸ್ಥಳ ಕೊಡುತ್ತಿದ್ದ ಛತ್ರಗಳ ನೆನಪು ಇನ್ನೂ ಮಾಸಿಲ್ಲ. ಇಂಥವರ ಪಾಲಿಗೆ, ಒಂಟಿಯಾಗಿ ಪಯಣಿಸುವ ಹೆಣ್ಣುಮಗಳ ಪಾಲಿಗೆ, ಯಾರನ್ನೂ ಏನನ್ನೂ ಕೇಳದೆ ಬಾಡಿಗೆ ತೆಗೆದುಕೊಂಡು ಬೀಗದ ಕೈಯನ್ನು ಕೊಡುವ ಹೋಟೆಲು ಒಂದು ಬಿಡುಗಡೆಯೇ ಸರಿ. ಆ ಬಿಡುಗಡೆಯನ್ನು ಹಿಂದಕ್ಕೆ ಪಡೆಯಬೇಕೆಂದು ಯಾವ ವಿವೇಕಿಯೂ ಹೇಳನು. ನಿರ್ಭಯವಾದ ವಸತಿಯನ್ನು ಪಡೆಯುವುದಕ್ಕೋಸ್ಕರ ಊರಿನ ರುಚಿಯನ್ನೂ ಪರಿಚಯವನ್ನೂ ತೆತ್ತುಬಿಡಬೇಕಾದುದು ಅನಿವಾರ್ಯವೇ ಎಂಬುದಷ್ಟೇ ನನ್ನ ಪ್ರಶ್ನೆ.

ಸಮರೂಪತೆ ಹೇಗೆ ಹುಟ್ಟುತ್ತದೆಂಬುದನ್ನು ಕಾಫಿಯ ದೃಷ್ಟಾಂತವು ಬಹು ಚೆನ್ನಾಗಿ ತಿಳಿಸುತ್ತದೆ. ಕಾಫಿ ನಮ್ಮ ನಾಡಿಗೂ ಸಂಬಂಧಪಟ್ಟದ್ದಾದ್ದರಿಂದ ಇಲ್ಲಿ ತುಸು ತಡೆದು ನಿಲ್ಲಬಹುದು.

ಅಮೆರಿಕದ ಸಿಯಾಟಲ್ ನಗರದಲ್ಲಿ 1971ರಲ್ಲಿ ಆರಂಭವಾದ ಸ್ಟಾರ್‌ಬಕ್ಸ್ ಮೊದಲಿಗೆ ಹುರಿದ ಕಾಫಿಬೀಜವನ್ನು ಮಾರುವ ಅಂಗಡಿಯಾಗಿತ್ತು. ಅದರ ಉದ್ಯೋಗಿಯಾಗಿದ್ದ ಹೋವರ್ಡ್ ಶುಲ್ಟ್ಸ್ 1983ರಲ್ಲಿ ವ್ಯಾಪಾರಮೇಳವೊಂದರ ನಿಮಿತ್ತ ಇಟಲಿಯ ಮಿಲಾನಿಗೆ ಹೋದರು. ಅಲ್ಲಿ ಬೀದಿಗೊಂದರಂತಿದ್ದ ಕಾಫಿ ಬಾರುಗಳಲ್ಲಿ ಜನರು ಕೌಂಟರಿನ ಮುಂದೆ ನಿಂತು, ಸಣ್ಣ ಬಟ್ಟಲಿನ ಕಾಫಿಯನ್ನು ಕುಡಿದು, ಅಂದಿನ ಸುದ್ದಿಯನ್ನು ಮಾತಾಡಿ ಹೊರಡುತ್ತಿದ್ದುದನ್ನೂ, ಕಾಫಿ ಮಾಡುವಾತನು ಬಂದವರನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದುದನ್ನೂ ಕಂಡು ಮಾರುಹೋದರು. ತಮ್ಮ ಊರಿನಲ್ಲಿ ಇಲ್ಲದ ಒಂದು ಜೀವನಕ್ರಮವನ್ನು ಕಂಡು ಬೆರಗಾಗುವುದು, ಇದಕ್ಕಿಂತ ಶುದ್ಧವಾದ ಪ್ರವಾಸಾನುಭವ ಇನ್ನಾವುದುಂಟು! ಆ ಬೆರಗಿನಿಂದ ಪ್ರೇರಿತರಾಗಿ ಅವರು 1986ರಲ್ಲಿ ಸಿಯಾಟಲಿನಲ್ಲಿ ಇಟಲಿಯ ಮಾದರಿಯ ಕಾಫಿಗೃಹವನ್ನು ತೆರೆದರು. ಮರುವರ್ಷ ಸ್ಟಾರ್‌ಬಕ್ಸನ್ನೇ ಕೊಂಡರು. ಅದು ಇಂದು 80ಕ್ಕೂ ಹೆಚ್ಚು ದೇಶಗಳಲ್ಲಿ ವ್ಯಾಪಿಸಿದೆ. ಆದರೆ ಮಿಲಾನಿನಲ್ಲಿ ಆ ಮನುಷ್ಯನು ಗ್ರಾಹಕನ ಹೆಸರನ್ನು ಬಲ್ಲವನಾಗಿದ್ದುದು, ಇಬ್ಬರೂ ಅದೇ ಬೀದಿಯಲ್ಲಿ ಬಹುಕಾಲ ಬಾಳಿದ್ದರಿಂದ. ಆ ಬಾಳುವೆಯನ್ನು ಸಿಯಾಟಲಿಗೆ ಸಾಗಿಸುವುದು ಶಕ್ಯವಿರಲಿಲ್ಲ. ಆದ್ದರಿಂದ ಯಂತ್ರವನ್ನು ಸಾಗಿಸಿದರು, ಪಾನೀಯದ ವಿಧಿಯನ್ನು ಸಾಗಿಸಿದರು, ಇಟಾಲಿಯನ್ ಹೆಸರುಗಳನ್ನು ಸಾಗಿಸಿದರು. ಪರಿಚಯದ ಸ್ಥಾನದಲ್ಲಿ, ಗ್ರಾಹಕನ ಹೆಸರನ್ನು ಕೇಳಿ ಕಾಗದದ ಲೋಟದ ಮೇಲೆ ಬರೆಯುವ ಪದ್ಧತಿ ಬಂದಿತು. 2018ರಲ್ಲಿ ಈ ಸಂಸ್ಥೆಯು ಮಿಲಾನಿನ ಕೊರ್ದುಸಿಯೊ ಚೌಕದಲ್ಲಿ, ಹಿಂದೆ ಅಂಚೆ ಕಚೇರಿಯಾಗಿದ್ದ ಭವ್ಯ ಸೌಧದಲ್ಲಿ, ಇಟಲಿಯ ತನ್ನ ಮೊದಲನೆಯ ಮಳಿಗೆಯನ್ನು ತೆರೆಯಿತು. ಪ್ರವಾಸಿಯೊಬ್ಬನು ಒಂದು ಊರಿನಲ್ಲಿ ಕಂಡ ವಿಶೇಷವು ಮೂವತ್ತೈದು ವರ್ಷಗಳ ತರುವಾಯ, ಎಲ್ಲೆಲ್ಲಿಯೂ ಸಿಗುವ ವಸ್ತುವಾಗಿ ಅದೇ ಊರಿಗೆ ಹಿಂದಿರುಗಿತು.

ವಸ್ತುಗಳು ದೇಶದಿಂದ ದೇಶಕ್ಕೆ ಹೋಗುವುದೇ ತಪ್ಪೆಂದು ಇದರಿಂದ ಯಾರೂ ತಿಳಿಯಬಾರದು. ಬಾಬಾ ಬುಡನ್ ಎಂಬ ಸಂತರು ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ನಾವೆಲ್ಲರೂ ಕೇಳಿದ್ದೇವೆ. ಈಗ ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತರಷ್ಟು ಪಾಲು ಬೆಳೆಯುವುದು ಕರ್ನಾಟಕದಲ್ಲಿ. ಅದನ್ನು ಕೊಳ್ಳುವ ಹೊರದೇಶಗಳಲ್ಲಿ ಇಟಲಿಯೇ ಅಗ್ರಗಣ್ಯ. ಮಿಲಾನಿನ ಬಟ್ಟಲಿನ ಮೇಲೆ ನಿಲ್ಲುವ ಆ ಹೊಂಬಣ್ಣದ ನೊರೆಗೆ ಕೊಡಗಿನ ರೊಬಸ್ಟಾ ಬೀಜವೂ ಅನೇಕ ವೇಳೆ ಕಾರಣವಾಗಿರುತ್ತದೆ. ಹೀಗೆ ಕಾಫಿಯು ಶತಮಾನಗಳಿಂದ ಲೋಕಸಂಚಾರಿ. ಆದರೆ ಹಿಂದೆ ಅದು ಎಲ್ಲಿಗೆ ಹೋದರೂ ಅಲ್ಲಿಯ ಜನರು ಅದನ್ನು ತಮ್ಮ ರೀತಿಗೆ ಒಗ್ಗಿಸಿಕೊಂಡರು. ಇಥಿಯೋಪಿಯದಲ್ಲಿ ಅತಿಥಿಯ ಎದುರಿಗೇ ಬೀಜವನ್ನು ಹುರಿದು, ಧೂಪ ಹಾಕಿ, ನಿಧಾನವಾಗಿ ಬಡಿಸುವರು. ತುರ್ಕಿಯವರು ಪುಡಿಯ ಸಮೇತ ಕುದಿಸಿ ಗಷ್ಟನ್ನು ತಳದಲ್ಲಿ ಇಳಿಯಗೊಡುವರು. ನಮ್ಮವರು ಫಿಲ್ಟರಿನಲ್ಲಿ ಡಿಕಾಕ್ಷನ್ನು ಇಳಿಸಿ, ಕೆಲವರು ಚಿಕೋರಿಯನ್ನೂ ಬೆರೆಸಿ, ಬಿಸಿ ಹಾಲು ಹಾಕಿ ನೊರೆ ಬರುವಂತೆ ಎತ್ತಿ ಹೊಯ್ದರು. ಒಂದೇ ಬೀಜವು ಇಟಲಿಯೂ ಸೇರಿ ನಾಲ್ಕು ನಾಡುಗಳಲ್ಲಿ ನಾಲ್ಕು ಸಂಸ್ಕೃತಿಗಳಾಗಿ ಮೊಳೆಯಿತು. ಅಂದು ವಸ್ತು ಪಯಣಿಸುತ್ತಿತ್ತು, ಅದರ ರೂಪವನ್ನು ಊರು ನಿರ್ಣಯಿಸುತ್ತಿತ್ತು. ಇಂದು ರೂಪವೇ ಸಿದ್ಧವಾಗಿ, ಕುರ್ಚಿ ಮೇಜು ದೀಪಗಳ ಸಮೇತವಾಗಿ ಬಂದಿಳಿಯುತ್ತದೆ. ಬೀಜಿಂಗಿನ ಪ್ರಾಚೀನ ಅರಮನೆಯ ಆವರಣದೊಳಗೂ 2000ದಲ್ಲಿ ಅಂತಹುದೊಂದು ಮಳಿಗೆ ತೆರೆದು, ಜನರ ಪ್ರತಿಭಟನೆಯ ಫಲವಾಗಿ 2007ರಲ್ಲಿ ಮುಚ್ಚಿತು.

ದೊಡ್ಡ ಸಂಸ್ಥೆಗಳನ್ನು ಮಾತ್ರ ಹೊಣೆಗಾರರನ್ನಾಗಿಸಿದರೆ ವಿಚಾರವು ಅಪೂರ್ಣವಾಗುತ್ತದೆ. ಯಾವ ಸರಣಿಗೂ ಸೇರದ, ಒಬ್ಬನೇ ಒಡೆಯನು ನಡೆಸುವ ಕಾಫಿಗೃಹಗಳು ಕೂಡ ಬರ್ಲಿನ್ನಿನಲ್ಲಿಯೂ ಬ್ಯಾಂಕಾಕಿನಲ್ಲಿಯೂ ಬೆಂಗಳೂರಿನಲ್ಲಿಯೂ ಒಂದನ್ನೊಂದು ಹೋಲತೊಡಗಿವೆ: ಗಾರೆಯಿಲ್ಲದ ಇಟ್ಟಿಗೆಯ ಗೋಡೆ, ಹಳೆಯ ಮರದ ಮೇಜು, ತೂಗಾಡುವ ಬರಿಯ ಬಲ್ಬು. ಅಮೆರಿಕದ ಲೇಖಕ ಕೈಲ್ ಚೇಕಾ 2016ರಲ್ಲಿ ಇದನ್ನು ಗುರುತಿಸಿ, ಇದರ ಮೂಲ ಯಾವ ಸಂಸ್ಥೆಯ ಆಜ್ಞೆಯಲ್ಲಿಯೂ ಇಲ್ಲ, ಮೊಬೈಲಿನ ಪರದೆಯ ಮೇಲೆ ಹಂಚಿಕೆಯಾಗುವ ಛಾಯಾಚಿತ್ರಗಳಲ್ಲಿಯೂ ಅಲ್ಲಿ ದೊರೆಯುವ ನಕ್ಷತ್ರಗಳ ಎಣಿಕೆಯಲ್ಲಿಯೂ ಇದೆ ಎಂಬುದನ್ನು ವಿವರಿಸಿದರು. ಪ್ರವಾಸಿಯು ಯಾವುದನ್ನು ಮೆಚ್ಚುವನೋ ಅದನ್ನು ಊರು ಕಟ್ಟುತ್ತದೆ. ಪ್ರವಾಸಿಯಾದರೋ ತಾನು ಈಗಾಗಲೇ ಚಿತ್ರದಲ್ಲಿ ನೋಡಿದುದನ್ನು ಮೆಚ್ಚುತ್ತಾನೆ.

ಇದಕ್ಕಿಂತ ಗಂಭೀರವಾದುದು ಸ್ಥಳೀಯತೆಯೇ ತಯಾರಿಕೆಯ ವಸ್ತುವಾಗುವ ಬಗೆ. ಚೆಕ್ ದೇಶದ ಪ್ರಾಗ್ ನಗರದಲ್ಲಿ, ಹಳೆಯ ಪೇಟೆಯ ಚೌಕದಿಂದ ಚಾರ್ಲ್ಸ್ ಸೇತುವೆಗೆ ಹೋಗುವ ಕಾರ್ಲೋವಾ ಎಂಬ ಕಿರುಬೀದಿಯುಂಟು. ಆ ಬೀದಿಯಲ್ಲಿ ಹೆಜ್ಜೆಹೆಜ್ಜೆಗೂ ಬೆಂದ ಸಕ್ಕರೆಯ ವಾಸನೆ. ನಾದಿದ ಹಿಟ್ಟನ್ನು ಪಟ್ಟಿಯಾಗಿ ಹೊಸೆದು, ಮರದ ಅಥವಾ ಲೋಹದ ದಂಡಕ್ಕೆ ಸುತ್ತಿ, ಕೆಂಡದ ಮೇಲೆ ತಿರುಗಿಸಿ ಬೇಯಿಸಿ, ಸಕ್ಕರೆಯಲ್ಲಿಯೂ ಬೀಜಗಳ ಪುಡಿಯಲ್ಲಿಯೂ ಹೊರಳಿಸಿ ಕೊಡುವ ‘ಟ್ರ್ಡೆಲ್ನೀಕ್’ ಎಂಬ ಸಿಹಿತಿನಿಸನ್ನು ಅಲ್ಲಿ ಪುರಾತನ ಬೊಹೀಮಿಯದ ತಿಂಡಿಯೆಂಬ ಫಲಕದ ಕೆಳಗೆ ಮಾರುತ್ತಾರೆ. ಅದರ ಕೊಳವೆಯೊಳಗೆ ಐಸ್‌ಕ್ರೀಮನ್ನು ತುಂಬಿ ಕೊಡುವುದೂ ಈಗ ರೂಢಿ. ದೂರದಿಂದ ಬಂದವನು, ಲೋಕದ ಎಲ್ಲೆಡೆ ಸಿಗುವ ಬರ್ಗರನ್ನು ಬಿಟ್ಟು ಈ ನಾಡಿನದೇ ಆದ ಒಂದನ್ನು ಸವಿದೆನೆಂಬ ತೃಪ್ತಿಯಿಂದ ಅದನ್ನು ಕೊಳ್ಳುತ್ತಾನೆ. ವಾಸ್ತವವಾಗಿ ಆ ತಿಂಡಿಯ ನಿಜವಾದ ಮನೆ ಸ್ಲೊವಾಕಿಯದ ಸ್ಕಾಲಿತ್ಸಾ ಪಟ್ಟಣ. ಯುರೋಪಿಯನ್ ಒಕ್ಕೂಟವು 2007ರಲ್ಲಿ ಆ ಪಟ್ಟಣದ ಹೆಸರಿಗೆ ಭೌಗೋಳಿಕ ರಕ್ಷಣೆಯನ್ನೂ ಕೊಟ್ಟಿದೆ. ಅದರ ಸೋದರಸಂಬಂಧಿಯನ್ನು ಹಂಗೆರಿಯವರೂ ಟ್ರಾನ್ಸಿಲ್ವೇನಿಯದವರೂ ಬಹುಕಾಲದಿಂದ ಮಾಡುತ್ತಾ ಬಂದಿದ್ದಾರೆ. ಪ್ರಾಗಿನ ಬೀದಿಗಳಲ್ಲಿ ಅದು ಹಬ್ಬಿದುದು ಪ್ರವಾಸೋದ್ಯಮ ಬೆಳೆದ ಈಚಿನ ದಶಕಗಳಲ್ಲಿ. ಅದೇ ಬೀದಿಯ ಅಂಗಡಿಗಳಲ್ಲಿ ರಷ್ಯದ ಮರದ ಗೊಂಬೆಗಳನ್ನೂ ಸ್ಮರಣಿಕೆಯೆಂದು ಇಟ್ಟಿರುತ್ತಾರೆ.

ಈ ತಿಂಡಿ ರುಚಿಯಾದುದೇ. ಮಾರುವವರು ಹೊಟ್ಟೆಪಾಡಿಗಾಗಿ ದುಡಿಯುವವರು. ನನ್ನ ಆಕ್ಷೇಪ ಅವರ ಮೇಲಲ್ಲ. ಮೂಲದ ಹೆಸರನ್ನು ಅಳಿಸಿ ಬೇರೊಂದು ಊರಿನ ಪುರಾತನತ್ವವನ್ನು ಅಂಟಿಸಿದಾಗ ಇಬ್ಬರಿಗೆ ಅನ್ಯಾಯವಾಗುತ್ತದೆ. ಸ್ಕಾಲಿತ್ಸಾದ ಗೃಹಿಣಿಯರ ಕೈಕೆಲಸ ಅಜ್ಞಾತವಾಗುತ್ತದೆ. ಪ್ರಾಗಿನವರು ನಿಜವಾಗಿ ತಮ್ಮ ಮನೆಗಳಲ್ಲಿ ಉಣ್ಣುವ ಹುಳಿಬರಿಸಿದ ಎಲೆಕೋಸು, ಆವಿಯಲ್ಲಿ ಬೇಯಿಸಿದ ಹಿಟ್ಟಿನ ಉಂಡೆ, ಹಣ್ಣು ತುಂಬಿದ ಕಡುಬು, ಇವುಗಳು ಬೀದಿಯಲ್ಲಿ ನಡೆಯುತ್ತ ಕೈಯಲ್ಲಿ ಹಿಡಿದು ತಿನ್ನಲು ಅನುಕೂಲವಲ್ಲವೆಂಬ ಕಾರಣಕ್ಕೆ ಹಿನ್ನೆಲೆಗೆ ಸರಿಯುತ್ತವೆ. ಅಂದರೆ ಸಮರೂಪತೆಯು ಭಿನ್ನತೆಯ ವೇಷವನ್ನೂ ಧರಿಸಬಲ್ಲದು. ಅದನ್ನು ಗುರುತಿಸುವುದು ಕೆಂಪು ಹಳದಿಯ ನಾಮಫಲಕವನ್ನು ಗುರುತಿಸುವಷ್ಟು ಸುಲಭವಲ್ಲ.

ಇಲ್ಲಿ ಕನ್ನಡಿಗರಾದ ನಾವು ನಮ್ಮದೇ ಒಂದು ಉದಾಹರಣೆಯನ್ನು ಎದುರಿಸಬೇಕಾಗಿದೆ. ದೂರದ ಊರಿನಲ್ಲಿ ಪರಿಚಿತವಾದ ರುಚಿಯನ್ನು ಒದಗಿಸುವ ವ್ಯವಸ್ಥೆಯನ್ನು ಮೇಲೆ ಹೇಳಿದ ಅಮೆರಿಕದ ಸಂಸ್ಥೆಗಳಿಗಿಂತ ಮೊದಲೇ ನಮ್ಮ ಕರಾವಳಿಯವರು ಕಟ್ಟಿದ್ದರು. ಬೆಂಗಳೂರಿನಲ್ಲಿ 1924ರಲ್ಲಿ ಮಾವಳ್ಳಿ ಟಿಫಿನ್ ರೂಮ್ ಆರಂಭವಾಯಿತು. ಮದರಾಸಿನಲ್ಲಿ ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸನ್ನು ತೆರೆದರು. ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಲೆಯ ಮೇಲೆ ಊಟ ಬಡಿಸುತ್ತಾ ಬಂದಿದೆ. ಉಡುಪಿ ಹೋಟೆಲೆಂಬ ಫಲಕವನ್ನು ನೋಡಿದೊಡನೆ ಒಳಗೆ ಇಡ್ಲಿ, ದೋಸೆ, ಸಾಂಬಾರು ಸಿಗುವುದೆಂಬ ನೆಚ್ಚಿಕೆ ಭಾರತದ ಯಾವ ಪ್ರಾಂತದ ಪ್ರಯಾಣಿಕನಿಗೂ ಇದೆ. ಇದೂ ಸಮರೂಪತೆಯೇ ಅಲ್ಲವೆ? ಒಂದು ಅರ್ಥದಲ್ಲಿ ಹೌದು. ಆದರೆ ಈ ಹೋಟೆಲುಗಳನ್ನು ಪಸರಿಸಿದುದು ಕೈಪಿಡಿಯಲ್ಲ, ಜನ. ಗಲ್ಲಾದ ಹಿಂದೆ ಕುಳಿತ ಧಣಿಯೂ ತಟ್ಟೆ ತಂದ ಮಾಣಿಯೂ ತಮ್ಮ ತುಳು ಕನ್ನಡಗಳನ್ನು ಬಿಡದೆ, ಆ ಊರಿನ ಮರಾಠಿಯನ್ನೋ ತಮಿಳನ್ನೋ ಕಲಿತು, ಆ ಊರಿನವರ ನಾಲಗೆಗೆ ಒಪ್ಪುವಂತೆ ಹದವನ್ನು ಬದಲಿಸಿದರು. ಮುಂಬಯಿಯಲ್ಲಿ ಪಾವ್ ಭಾಜಿಯನ್ನೂ ತಮ್ಮ ಪಟ್ಟಿಗೆ ಸೇರಿಸಿಕೊಂಡರು. ಅಲ್ಲಿ ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಹುಡುಗರು ಇರುಳು ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ ಆ ನಗರದ ಪ್ರಜೆಗಳಾದರು. ಆ ಹೋಟೆಲಿನೊಳಗೆ ಹೊಕ್ಕ ಪ್ರವಾಸಿಗೆ ಮಾತಾಡಿಸಲು ಒಬ್ಬ ಮನುಷ್ಯನಿದ್ದನು, ಆ ಮನುಷ್ಯನಿಗೆ ಊರಿನ ಒಳಹೊರಗೆಲ್ಲವೂ ಗೊತ್ತಿತ್ತು.

ಜಾಗತಿಕ ಸಂಸ್ಥೆಗಳೂ ಕಾಲಕ್ರಮದಲ್ಲಿ ಹೀಗೆ ಊರಿಗೆ ಹೊಂದಿಕೊಳ್ಳುವುವೆಂದು ಹೇಳುವ ವಿದ್ವಾಂಸರಿದ್ದಾರೆ. ಜೇಮ್ಸ್ ವಾಟ್ಸನ್ ಎಂಬ ಮಾನವಶಾಸ್ತ್ರಜ್ಞರ ಸಂಪಾದಕತ್ವದಲ್ಲಿ 1997ರಲ್ಲಿ ಹೊರಬಂದ ಗ್ರಂಥವು, ಪೂರ್ವ ಏಷ್ಯದ ಐದು ನಗರಗಳಲ್ಲಿ ಮೆಕ್‌ಡೊನಾಲ್ಡ್ಸ್ ಹೇಗೆ ವಿದ್ಯಾರ್ಥಿಗಳು ಗಂಟೆಗಟ್ಟಲೆ ಕುಳಿತು ಓದುವ, ಮುದುಕರು ಹರಟುವ ತಾಣವಾಯಿತೆಂಬುದನ್ನು ಸಾಕ್ಷ್ಯಸಹಿತವಾಗಿ ತೋರಿಸಿತು. ಭಾರತಕ್ಕೆ 1996ರಲ್ಲಿ ಬಂದಾಗ ಅದೇ ಸಂಸ್ಥೆಯು ಗೋಮಾಂಸವನ್ನು ಬಿಟ್ಟು ಆಲೂಗಡ್ಡೆಯ ಟಿಕ್ಕಿಗೆ ಶರಣಾಯಿತು. ಈ ವಾದವನ್ನು ನಾನು ಗೌರವಿಸುತ್ತೇನೆ. ಅಲ್ಲಿಯ ನಿವಾಸಿಯ ಮಟ್ಟಿಗೆ ಅದು ಸತ್ಯ. ಆದರೆ ಹಾಂಗ್‌ಕಾಂಗಿನ ಹುಡುಗಿಯೊಬ್ಬಳು ಅಲ್ಲಿಯ ಮೂಲೆಯ ಮೇಜನ್ನು ತನ್ನ ಓದುಮನೆಯಾಗಿ ಮಾಡಿಕೊಂಡ ಸೂಕ್ಷ್ಮವು ಎರಡು ದಿನ ಇದ್ದು ಹೋಗುವವನಿಗೆ ಕಾಣಿಸುವುದಿಲ್ಲ. ನಿವಾಸಿಗೆ ವರ್ಷಗಳ ಒಡನಾಟದಿಂದ ಸ್ವಂತವಾದದ್ದು ಪ್ರವಾಸಿಗೆ ತನ್ನ ಊರಿನ ಮಳಿಗೆಯ ಪ್ರತಿರೂಪವಾಗಿಯೇ ಉಳಿಯುತ್ತದೆ.

ನಿವಾಸಿಯ ಹೆಸರೆತ್ತಿದ ಮೇಲೆ ವೆನಿಸ್ಸಿನ ಮಾತನ್ನು ಆಡಲೇಬೇಕು. ಕಾಲುವೆಗಳ ನಡುವಣ ಆ ಹಳೆಯ ನಗರದಲ್ಲಿ 1951ರಲ್ಲಿ ಸುಮಾರು 1,75,000 ಜನರು ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಮನೆಗಳು ಪ್ರವಾಸಿಗರ ವಸತಿಗಳಾದಂತೆ ಬಾಡಿಗೆ ಏರುತ್ತದೆ. ಬಾಡಿಗೆ ಏರಿದಂತೆ ಸಂಸಾರಸ್ಥರು ಹೊರಬೀಳುತ್ತಾರೆ. ಸಂಸಾರಗಳು ಹೋದಮೇಲೆ ರೊಟ್ಟಿಯಂಗಡಿಗೂ ತರಕಾರಿಯಂಗಡಿಗೂ ಗಿರಾಕಿಯಿಲ್ಲ. ಆ ಜಾಗದಲ್ಲಿ ಮುಖವಾಡ, ಅಯಸ್ಕಾಂತದ ಬಿಲ್ಲೆ, ಅಗ್ಗದ ಗಾಜಿನ ಮಣಿಗಳ ಅಂಗಡಿ. ಪ್ರವಾಸಿಗೆ ಸಮರೂಪತೆಯೆಂದರೆ ಒಂದು ನಿರಾಸೆ, ಊರಿನವನಿಗಾದರೋ ಅದು ಸ್ಥಾನಭ್ರಂಶ. 2024ರ ಏಪ್ರಿಲ್ 25ರಿಂದ ವೆನಿಸ್ ನಗರಸಭೆಯು ಕೆಲವು ಗೊತ್ತಾದ ದಿನಗಳಲ್ಲಿ, ಹಗಲಿಗಷ್ಟೇ ಬಂದುಹೋಗುವವರ ಮೇಲೆ 5 ಯೂರೋ ಪ್ರವೇಶಶುಲ್ಕವನ್ನು ವಿಧಿಸತೊಡಗಿತು. ಅದರಿಂದ ಒಂದು ಮನೆಯಾದರೂ ಊರವರಿಗೆ ಮರಳುವುದೆಂದು ನನಗೆ ತೋರುವುದಿಲ್ಲ. ಜಪಾನಿನ ಕ್ಯೋಟೋ ನಗರವು 2007ರಿಂದ ಫಲಕಗಳ ಗಾತ್ರ, ಎತ್ತರ, ಬಣ್ಣಗಳನ್ನು ಬಿಗಿಯಾಗಿ ನಿಯಂತ್ರಿಸಿ, ಲೋಕವೆಲ್ಲ ಕೆಂಪಾಗಿರುವ ನಾಮಫಲಕಗಳನ್ನು ಕಂದುಬಣ್ಣಕ್ಕೆ ತಿರುಗಿಸಿದೆ. ಇದರಿಂದ ಕಣ್ಣಿಗೆ ಹಿತವಾಯಿತು, ಅಂಗಡಿಯೊಳಗಿನ ಸರಕು ಬದಲಾಗಲಿಲ್ಲ.

ಬಾರ್ಸೆಲೋನಾ ಕೈಹಾಕಿರುವುದು ಇದಕ್ಕಿಂತ ಆಳದ ಕೆಲಸಕ್ಕೆ. ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಡಲು ಪರವಾನಗಿ ಪಡೆದಿರುವ ಅಲ್ಲಿಯ 10,101 ಮನೆಗಳ ಪರವಾನಗಿಗಳನ್ನು 2028ರ ನವೆಂಬರಿನ ತರುವಾಯ ಮುಂದುವರಿಸುವುದಿಲ್ಲವೆಂದು ಆ ನಗರದ ಮೇಯರ್ 2024ರಲ್ಲಿ ಪ್ರಕಟಿಸಿದರು. ಬಾಡಿಗೆಯ ವ್ಯಾಪಾರದಲ್ಲಿರುವವರು ಇದನ್ನು ವಿರೋಧಿಸಿದ್ದಾರೆ. ಹೋಟೆಲುಗಳ ದರ ಏರುವುದೆಂಬ ಅವರ ವಾದದಲ್ಲಿ ಹುರುಳಿಲ್ಲದೆಯೂ ಇಲ್ಲ. ಆದರೂ ಪ್ರವಾಸಿಯಾದವನು ಈ ನಿರ್ಣಯವನ್ನು ತನ್ನ ವಿರುದ್ಧವಾದುದೆಂದು ಭಾವಿಸದೆ ಸ್ವಾಗತಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹತ್ತು ಸಾವಿರ ಸಂಸಾರಗಳು ಮತ್ತೆ ಆ ಮನೆಗಳಿಗೆ ಬಂದರೆ, ಅವರಿಗೆ ಹಾಲು ಬೇಕು, ಮೀನು ಬೇಕು, ಹರಿದ ಚಪ್ಪಲಿಯನ್ನು ಹೊಲಿದುಕೊಡುವವನು ಬೇಕು, ಮಕ್ಕಳಿಗೆ ಶಾಲೆಯ ಪುಸ್ತಕ ಬೇಕು. ಅಂಥ ಅಂಗಡಿಗಳು ಯಾವ ದೂರದ ಕಚೇರಿಯ ಕೈಪಿಡಿಯನ್ನೂ ಕಾಯದೆ ಆ ಬೀದಿಗಳಲ್ಲಿ ತೆರೆದುಕೊಳ್ಳುತ್ತವೆ.